ಮುಳುಗಿದ ಹಡಗು ಬೇಕು ಅಂದರೆ ತೇಲುವ ಹಡಗು ಕೊಟ್ಟರು

ಬಳ್ಳಾರಿಯಲ್ಲಿ ತ್ರೀಡಿ ಪ್ರಿಂಟಿಂಗ್ (ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಹಾಕಿ ವಸ್ತು ಮಾಡುವುದು) ಮಾಡಿಕೊಡುವ ಒಂದು ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಹೊಗಳುವ ಮೊದಲು ಸ್ವಲ್ಪ ಬೈಯುವುದಿದೆ. ಮುಂದೆ ಝೆರಾಕ್ಸ್, ಲ್ಯಾಮಿನೇಷನ್, ಹಿಂದಿನ ಕೋಣೆಯಲ್ಲಿ ಎರಡು ಪ್ರಿಂಟರ್. ಕಪಾಟಿನ ತುಂಬ ಹಂಪಿ ಕಲ್ಲಿನ ರಥ, ಸಣ್ಣದು, ದೊಡ್ಡದು, ಬಂಗಾರದ ಬಣ್ಣದ್ದು. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ಮಗಳು ಒಂಬತ್ತನೇ ಕ್ಲಾಸು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಪ್ರದರ್ಶನ ಇತ್ತು. ಉಳಿದ ಮಕ್ಕಳದ್ದು ಜ್ವಾಲಾಮುಖಿ, ಚಂದ್ರಯಾನ, ಹನಿ ನೀರಾವರಿ. ಇವಳಿಗೆ ಮಾತ್ರ ಇಂಗ್ಲೆಂಡಿನ ಥೇಮ್ಸ್ ನದಿ ಸಮುದ್ರ ಸೇರುವ ಕಡೆ 1944ರಿಂದ ಮುಳುಗಿ ಬಿದ್ದಿರುವ ಎಸ್‌ಎಸ್ ರಿಚರ್ಡ್ ಮಾಂಟ್‌ಗೊಮರಿ ಹಡಗೇ ಆಗಬೇಕು. ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅಂತಾರೆ. ಕರಾವಳಿಯವರಿಗೆ ಅದು ದಿನದ ಮಾತು. ನಮ್ಮ ಕಡೆ ಕಾಲುವೆ, ತೂಬು ಗೊತ್ತು, ಅಳಿವೆ ಯಾರಿಗೆ ಗೊತ್ತು? ಚಾರ್ಟ್ ನೋಡಿ ನಮ್ಮತ್ತೆ "ಅಳಿವು ಅಂದ್ರೆ ನಾಶ ಆಗೋದು ಅಲ್ವೇನಮ್ಮ" ಅಂದರು. ಆ ಹಡಗಿನ ಮಟ್ಟಿಗೆ ಅದೂ ಸರಿಯೇ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಅಂಗಡಿಯವನ ಮೇಲೆ ನನಗೆ ಯಾಕೆ ಸಿಟ್ಟು ಬಂತು ಅನ್ನೋದು ಗೊತ್ತಾಗಲ್ಲ. ಇದು 1943ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಟ್ಟಿದ ಲಿಬರ್ಟಿ ಹಡಗು. ಯುದ್ಧದ ಸರಕು ಸಾಗಿಸಲು ಅಂತಲೇ ಇಂಥವನ್ನು ಎರಡೂವರೆ ಸಾವಿರಕ್ಕೂ ಜಾಸ್ತಿ ಕಟ್ಟಿಬಿಟ್ಟಿದ್ದರು. 1944ರ ಆಗಸ್ಟ್‌ನಲ್ಲಿ ಸುಮಾರು 6,000 ಟನ್ ಬಾಂಬು, ಮದ್ದುಗುಂಡು ತುಂಬಿಕೊಂಡು ಫ್ರಾನ್ಸಿನ ಷೆರ್ಬೂರ್‌ಗೆ ಹೊರಟಿತ್ತು. ದಾರಿಯಲ್ಲಿ ಥೇಮ್ಸ್ ಅಳಿವೆಯಲ್ಲಿ, ಶೀರ್‌ನೆಸ್ ಊರಿನ ಹತ್ತಿರ ಲಂಗರು ಹಾಕಿ ನಿಲ್ಲಲು ಹೇಳಿದರು. ತುಂಬಿದ ಹಡಗಿಗೆ ಬೇಕಾದ ನೀರಿನ ಆಳ 9.4 ಮೀಟರ್. ನಿಲ್ಲಿಸಿದ ಜಾಗದಲ್ಲಿ ಇಳಿತದ ಹೊತ್ತಿಗೆ ಇರುತ್ತಿದ್ದ ನೀರು ಸುಮಾರು 7.3 ಮೀಟರ್. ಆಗಸ್ಟ್ 20ರಂದು ಲಂಗರು ಜಾರಿತು, ಹಡಗು ಮರಳ ದಿಬ್ಬದ ಮೇಲೆ ಕೂತಿತು. ನೀರು ಇಳಿಯಿತು, ಬೆನ್ನು ಮುರಿಯಿತು. ಒಂದು ತಿಂಗಳು ಸರಕು ಇಳಿಸಿದರು. ಹಿಂದಿನ ಕೋಣೆಗಳು ಖಾಲಿಯಾದವು. ಮುಂದಿನ ಭಾಗಕ್ಕೆ ನೀರು ನುಗ್ಗಿದ ಮೇಲೆ ಸೆಪ್ಟೆಂಬರ್ 25ಕ್ಕೆ ಕೈಬಿಟ್ಟು ಎದ್ದರು. ಉಳಿದಿದ್ದು ಸುಮಾರು 1,400 ಟನ್ ಸ್ಫೋಟಕ, ಇವತ್ತಿಗೂ ಅಲ್ಲೇ ಇದೆ. ಮೇಲಿನಿಂದ ಕಾಣುವುದು ಮೂರು ಕಂಬ ಅಷ್ಟೇ. "ಹತ್ತಿರ ಬರಬೇಡಿ" ಅನ್ನೋ ಬೋರ್ಡು, ಸುತ್ತ ತೇಲುಗುರುತು, ದಿನವಿಡೀ ರೇಡಾರ್ ಕಾವಲು.

ಗಣಿ ಜಿಲ್ಲೆಯವರಿಗೆ ಬ್ಲಾಸ್ಟಿಂಗ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ 1,400 ಟನ್ ಅಂದರೆ ಎಷ್ಟು ಅಂತ ಮಗಳಿಗೆ ತಿಳಿಸಲು ನಾನು ಮುಂಬೈ ಉದಾಹರಣೆ ಕೊಟ್ಟೆ. ಅದೇ 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸಿಡಿದಾಗ ಅದರಲ್ಲಿ ಇದ್ದದ್ದೂ ಹೆಚ್ಚುಕಮ್ಮಿ ಇಷ್ಟೇ ಸ್ಫೋಟಕ, ಜೊತೆಗೆ ಹತ್ತಿ ಮೂಟೆ. ನೂರಾರು ಜನ ಸತ್ತರು. ಏಪ್ರಿಲ್ 14ರಿಂದ ಅಗ್ನಿಶಾಮಕದವರು ಸಪ್ತಾಹ ಮಾಡೋದು ಅದೇ ನೆನಪಿಗೆ.

ಇಷ್ಟೆಲ್ಲ ಕೇಳಿದ ಮೇಲೆ ಅಂಗಡಿಯ ಹುಡುಗ ಹೇಳಿದ್ದೇನು ಗೊತ್ತಾ? "ಮುಳುಗಿದ್ದು ಯಾಕಕ್ಕಾ, ಚೆನ್ನಾಗಿರೋದೇ ಮಾಡ್ಕೊಡ್ತೀನಿ, ಪ್ರೈಜ್ ಬರ್ತೈತಿ." ಬೇಡಪ್ಪ, ಮುರಿದು ಮುಳುಗಿದ್ದೇ ಬೇಕು, ಕಂಬ ಮಾತ್ರ ನೀರಿನ ಮೇಲೆ ಇರಲಿ ಅಂತ ಎರಡು ಸಲ ಹೇಳಿ, ಫೋಟೊ ಕಳಿಸಿ, 1,800 ರೂಪಾಯಿಗೆ ಮಾತಾಗಿ, ಅರ್ಧ ದುಡ್ಡು ಕೊಟ್ಟು ಬಂದೆ. ನಾಲ್ಕು ದಿನ ಅಂದಿದ್ದ. ಎಂಟು ದಿನ ಆಯಿತು. ಹೋಗಿ ನೋಡಿದರೆ ನೀಲಿ ಬಣ್ಣದ ಹಲಗೆ ಮೇಲೆ ಇಡೀ ಹಡಗು ಮದುಮಗನ ಹಾಗೆ ನಿಂತಿದೆ, ಚಿಮಣಿಗೆ ಕೆಂಪು ಪಟ್ಟಿ, ಹಿಂದೆ ನಮ್ಮ ತ್ರಿವರ್ಣ ಧ್ವಜ ಬೇರೆ!

ತಮಾಷೆ ಎಂದರೆ ಅವನ ಪ್ರಿಂಟರ್‌ನಲ್ಲಿ ಒಮ್ಮೆಗೆ 22 ಸೆಂಟಿಮೀಟರ್ ಮಾತ್ರ ಬರುತ್ತದೆ. 134 ಮೀಟರ್ ಹಡಗನ್ನು 200 ಪಟ್ಟು ಚಿಕ್ಕದು ಮಾಡಿದರೂ 67 ಸೆಂಟಿಮೀಟರ್. ಹಾಗಾಗಿ ನಾಲ್ಕು ತುಂಡು ಮಾಡಿ ಅಂಟಿಸಿದ್ದಾನೆ. ಅಂಟಿಸಿದ್ದು ಕಾಣದ ಹಾಗೆ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಎರಡು ದಿನ ಅದಕ್ಕೇ ಕೂತಿದ್ದನಂತೆ. ಮುರಿದ ಹಡಗು ಬೇಕು ಅಂದವರಿಗೆ! ಬೈಯಲೋ ನಗಲೋ ಗೊತ್ತಾಗಲಿಲ್ಲ.

ಆಗ ಮಗಳು ಸ್ಕೇಲ್ ತೆಗೆದಳು. ಹಡಗಿನ ಬುಡದಿಂದ 4.7 ಸೆಂಟಿಮೀಟರ್‌ಗೆ ಪೆನ್ಸಿಲ್ ಗೆರೆ. ಹಡಗಿಗೆ ಬೇಕಾದ ನೀರು ಅಲ್ಲಿವರೆಗೆ. ಅದರ ಕೆಳಗೆ 3.65ಕ್ಕೆ ಇನ್ನೊಂದು ಗೆರೆ. ಇಳಿತದಲ್ಲಿ ಇದ್ದ ನೀರು ಇಷ್ಟೇ. "ಅಣ್ಣಾ, ಈ ಎರಡು ಗೆರೆ ಮಧ್ಯ ಇರೋದೇ ನನ್ನ ಪ್ರಾಜೆಕ್ಟು." ಹುಡುಗ ಬಗ್ಗಿ ನೋಡಿದ. ಒಂದು ಸೆಂಟಿಮೀಟರ್ ಚಿಲ್ಲರೆ. "ಇಷ್ಟಕ್ಕೇ ಹೋಯ್ತಾ?" ಅಂದ. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಧ್ವಜ ತಾನೇ ಕಿತ್ತ, ಗರಗಸ ತಂದು ತಾನೇ ಅಂಟಿಸಿದ್ದ ಹಡಗನ್ನು ಎರಡು ಮಾಡಿದ. ಆ ಸದ್ದಿಗೆ ಝೆರಾಕ್ಸ್ ಮಾಡಿಸಲು ಬಂದವರೂ ಒಳಗೆ ಇಣುಕಿದರು.

ಎರಡನೇ ಸಲ ಮಾಡಿದ್ದು ಮಾತ್ರ ನಿಜವಾಗಿ ಚೆನ್ನಾಗಿದೆ. ಕೆಳಗೆ ತುಂಗಭದ್ರೆಯ ಮರಳನ್ನೇ ಗೋಂದಿನಲ್ಲಿ ಕಲಸಿ ದಿಬ್ಬ ಮಾಡಿದ್ದಾನೆ, ಅದರಲ್ಲಿ ಎರಡು ತುಂಡು ಹಡಗು ಹೂತು ಕೂತಿದೆ, ಮೇಲೆ ನೀರಿನ ಬದಲು ಮಣ್ಣುಬಣ್ಣದ ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಅಂಟು. ರೆಸಿನ್ ಒಂದೇ ಸಲ ಸುರಿದರೆ ಬಿಸಿಯಾಗಿ ಬಿರುಕು ಬಿಡುತ್ತದೆ ಅಂತ ಮೂರು ಪದರ ಮಾಡಿ, ಒಂದೊಂದಕ್ಕೂ ಒಂದು ದಿನ ಬಿಟ್ಟು ಸುರಿದಿದ್ದಾನೆ. ಪಕ್ಕದಿಂದ ನೋಡಿದರೆ ಒಳಗಿನ ಹಡಗು ಮಸುಕಾಗಿ ಕಾಣುತ್ತದೆ, ಮೇಲಿನಿಂದ ನೋಡಿದರೆ ಮೂರು ಕಂಬ ಅಷ್ಟೇ. ಬಿಲ್ಲು 2,300 ಆಯಿತು. ತಪ್ಪು ಅವನದು, ಜಾಸ್ತಿ ದುಡ್ಡು ನಮ್ಮದು. ಅರ್ಧ ಸ್ಟಾರ್ ಅಲ್ಲೇ ಕಟ್. ಲೇಟ್ ಮಾಡಿದ್ದಕ್ಕೆ ಇನ್ನರ್ಧ.

ಇನ್ನೊಂದು ವಿಷಯ, ಇದನ್ನು ಮುಖ್ಯವಾಗಿ ಬಳ್ಳಾರಿಯವರು ಓದಿ. ಪ್ರದರ್ಶನದ ದಿನ ಮಾಡೆಲ್‌ ಕಾರಿನಲ್ಲಿಟ್ಟು ಶಾಲೆ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಟೇಬಲ್ ಸಿಕ್ಕಿತಾ ನೋಡಲು ಹೋದೆ. ಅರ್ಧ ಗಂಟೆ ಆಗಿರಬಹುದು. ಬಂದು ನೋಡಿದರೆ ಮೂರೂ ಕಂಬ ಬಾಡಿದ ನುಗ್ಗೆಕಾಯಿ ತರ ಬಗ್ಗಿವೆ. ಅವನು ಬಳಸಿದ್ದು ಪಿಎಲ್‌ಎ ಪ್ಲಾಸ್ಟಿಕ್, ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಮುಚ್ಚಿದ ಕಾರಿನೊಳಗೆ ನಮ್ಮ ಬಿಸಿಲಿಗೆ ಅದೇನು ದೊಡ್ಡದಲ್ಲ. ಕೊಡುವಾಗ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಉಳಿದ ಅರ್ಧ ಸ್ಟಾರ್ ಇದಕ್ಕೆ.

ಆದರೆ ಫೋನ್ ಮಾಡಿದ ಹದಿನೈದು ನಿಮಿಷಕ್ಕೆ ಹುಡುಗ ಬೈಕಿನಲ್ಲಿ ಬಂದ. ಕೈಯಲ್ಲಿ ಸೈಕಲ್ ಕಡ್ಡಿ, ಕಟಿಂಗ್ ಪ್ಲೇಯರ್, ಕಪ್ಪು ಬಣ್ಣ. ಶಾಲೆ ಮೆಟ್ಟಿಲ ಮೇಲೆ ಕೂತು ಬಗ್ಗಿದ ಕಂಬ ತೆಗೆದು ಕಡ್ಡಿ ನಿಲ್ಲಿಸಿದ. ದುಡ್ಡು ಕೇಳಲಿಲ್ಲ. ಈ ಒಂದು ಕೆಲಸಕ್ಕೇ ಮೂರೂವರೆಗಿಂತ ಕೆಳಗೆ ಇಳಿಸಲು ನನಗೆ ಮನಸ್ಸು ಬರಲಿಲ್ಲ. ಅಲ್ಲಿ ಇಂಗ್ಲೆಂಡಿನಲ್ಲೂ ಈಗಿನ ಚಿಂತೆ ಕಂಬದ್ದೇ. ಅವುಗಳ ಭಾರ ಹಳೇ ಒಡಲಿನ ಮೇಲೆ ಬೀಳುತ್ತದೆ ಅಂತ ಕತ್ತರಿಸುವ ಯೋಜನೆಯನ್ನು 2020ರಲ್ಲೇ ಹೇಳಿ, ಆಮೇಲೆ ಮುಂದಕ್ಕೆ ಹಾಕಿದರು. ಮುಟ್ಟಲು ಹೆದರುವುದರಲ್ಲಿ ಅರ್ಥ ಇದೆ. 1967ರಲ್ಲಿ ಕೀಲ್ಸೆ ಅನ್ನೋ ಪೋಲೆಂಡಿನ ಹಡಗನ್ನು ತೆರವು ಮಾಡಲು ಹೋದಾಗ ಒಳಗಿದ್ದ ಮದ್ದು ಸಿಡಿದು ಸಮುದ್ರದ ತಳದಲ್ಲಿ ಆರು ಮೀಟರ್ ಆಳದ ಗುಂಡಿ ಬಿದ್ದಿತ್ತು. ಇದನ್ನು ಮಗಳು ಹೇಳುತ್ತಿದ್ದಾಗ ಕಡ್ಡಿ ಸಿಕ್ಕಿಸುತ್ತಿದ್ದ ಹುಡುಗ ಒಂದು ಕ್ಷಣ ಕೈ ಹಿಂದೆ ತೆಗೆದ, ಆಮೇಲೆ ಅವನಿಗೇ ನಗು ಬಂತು.

ಹೋಗುವವರಿಗೆ: ಅಳತೆ ಬರೆದು ಕೊಡಿ, ಅವನು ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಕೊಳ್ಳಿ, ತೆಳ್ಳಗಿನ ಭಾಗ ಏನಿದ್ದರೂ ಮೊದಲೇ ತಂತಿಯಲ್ಲಿ ಮಾಡಿಸಿ. ಮೊದಲು ಮಾಡಿದ್ದ ನೀಲಿ ಹಲಗೆ, ಕೆಂಪು ಪಟ್ಟಿ ಚಿಮಣಿ ಈಗಲೂ ಅವನ ಕಪಾಟಿನಲ್ಲಿದೆ. ಹೋದ ವಾರ ಬುಕ್ ಬೈಂಡಿಂಗ್‌ಗೆ ಹೋದಾಗ ನೋಡಿದೆ, ಆ ಹಲಗೆ ಮೇಲೆ ಒಂದು ಕಲ್ಲಿನ ರಥ ತಂದು ನಿಲ್ಲಿಸಿದ್ದಾನೆ.