ಕತ್ತಿನ ಮೇಲೆ ಹರಿದ ಹುಳುವನ್ನು ಹೊಡೆಯಬೇಡಿ

ಕೀನ್ಯಾದಲ್ಲಿ ಕೆಲಸ ಸಿಕ್ಕಿತೆಂದಾಗ ಮನೆಯವರೆಲ್ಲ ಹೆದರಿದ್ದು ಹಾವಿಗೆ, ಮಲೇರಿಯಾಕ್ಕೆ. ನನ್ನನ್ನು ಎರಡು ವಾರ ಕಾಡಿದ್ದು ಅಕ್ಕಿಕಾಳಿಗಿಂತ ತುಸು ಉದ್ದದ ಒಂದು ಹುಳು. ಅದೂ ಕಚ್ಚದ ಹುಳು.

ಕಿಸುಮು ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಕೊಟ್ಟ ಮನೆ ಎರಡು ಕೋಣೆಯದು, ತಲೆಯ ಮೇಲೆ ಮಬಾತಿ, ಎಂದರೆ ತಗಡಿನ ಶೀಟು. ಕಿಟಕಿಗೆ ಸರಳಿತ್ತು, ಜಾಲರಿ ಇರಲಿಲ್ಲ. ಏಪ್ರಿಲ್ ತಿಂಗಳು, ಅಲ್ಲಿನ ದೊಡ್ಡ ಮಳೆಗಾಲ. ಟ್ಯೂಬ್‌ಲೈಟಿನ ಕೆಳಗೆ ಕುಳಿತು ಉಗಾಲಿ ಮುರಿಯುತ್ತಿದ್ದೆ. ನಮ್ಮ ಮುದ್ದೆಯೇ, ಮೆಕ್ಕೆಜೋಳದ್ದು. ಕತ್ತಿನ ಮೇಲೆ ಏನೋ ಹರಿಯಿತು. ಸೊಳ್ಳೆ ಹೊಡೆದು ಪಳಗಿದ ಕೈ, ಪಟ್ಟೆಂದು ಬಾರಿಸಿತು. ಅಂಗೈಯಲ್ಲಿ ಕೆಂಪು-ಕಪ್ಪು ಇರುವೆಯಂಥದ್ದೊಂದು ಜಜ್ಜಿಹೋಗಿತ್ತು. ಟವಲಿಗೆ ಒರೆಸಿ ಊಟ ಮುಂದುವರಿಸಿದೆ. ಮಲಗುವ ಮುನ್ನ ಅದೇ ಟವಲಿನಿಂದ ಮುಖವನ್ನೂ ಒರೆಸಿಕೊಂಡೆ. ಹೊಡೆದದ್ದು ಅಜ್ಞಾನ, ಇದು ಶುದ್ಧ ಸೋಮಾರಿತನ.

ಆ ರಾತ್ರಿ ಏನೂ ಆಗಲಿಲ್ಲ. ಮೋಸ ಇರುವುದೇ ಇಲ್ಲಿ. ಮರುದಿನ ಸಂಜೆ ಉರಿ ಶುರುವಾಯಿತು. ಅದರ ಮರುದಿನ ಬೆಳಿಗ್ಗೆ ಕತ್ತಿನ ಮೇಲೆ ಕಾದ ಸೌಟಿನ ಹಿಡಿಯಿಂದ ಎಳೆದಂಥ ಬರೆ, ಅದರುದ್ದಕ್ಕೂ ಸಣ್ಣ ಗುಳ್ಳೆಗಳು. ಎಡಗಣ್ಣು ಊದಿ ಮುಚ್ಚಿತ್ತು. ಮೊಳಕೈಯ ಒಳಮಡಿಕೆಗೆ ಯಾವಾಗ ತಗುಲಿತ್ತೋ, ಅಲ್ಲೊಂದು ಗಾಯ; ಕೈ ಮಡಿಸಿದಾಗ ಎದುರು ಬದಿಗೂ ತಾಗಿ ಅದರದೇ ಪಡಿಯಚ್ಚು.

ಫೋನಿನಲ್ಲಿ ಚಿತ್ರ ನೋಡಿದ ಅಮ್ಮ ಸರ್ಪಸುತ್ತು ಎಂದು ತೀರ್ಮಾನಿಸಿ, ಕೆಮ್ಮಣ್ಣು ಹಚ್ಚಲು ಹೇಳಿದರು. ಅಂಗಳದ ಮಣ್ಣನ್ನೇ ಕಲಸಿ ಹಚ್ಚಿಕೊಂಡೆ. ಮೂರು ದಿನದಲ್ಲಿ ಗುಳ್ಳೆ ಒಡೆದು ಕೀವಾಯಿತು. ಕ್ಲಿನಿಕ್ಕಿನ ವೈದ್ಯೆ ಗಾಯ ನೋಡಿ ಮೊದಲು ಕೇಳಿದ್ದು ಇಷ್ಟೇ: "ರಾತ್ರಿ ದೀಪ ಎಲ್ಲಿ ಉರಿಯುತ್ತದೆ?"

ರಾತ್ರಿ ದೀಪದ ಬೆಳಕಿಗೆ ಬರುವ ಈ ಹುಳುವಿನ ಹೆಸರು ನೈರೋಬಿ ಫ್ಲೈ. ಆದರೆ ನೊಣವಲ್ಲ, ಜೀರುಂಡೆಯ ಜಾತಿ. ತಲೆ ಮತ್ತು ಬಾಲದ ತುದಿ ಕಪ್ಪು, ಮೈ ಕಿತ್ತಳೆ-ಕೆಂಪು, ಬೆನ್ನ ಮೇಲೆ ನೀಲಿ-ಹಸಿರು ಹೊಳಪಿನ ಗಿಡ್ಡ ರೆಕ್ಕೆಕವಚ. ಕುಟುಕುವುದಿಲ್ಲ. ಜಜ್ಜಿದರೆ ಮಾತ್ರ ಮೈರಸದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಅಂಟುತ್ತದೆ. ಆ ವಿಷವೂ ಅದರ ಸ್ವಂತದ್ದಲ್ಲ, ಒಡಲಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾ ತಯಾರಿಸಿ ಕೊಡುವುದು. ಬೆಳೆಯ ಕೀಟಗಳನ್ನು ತಿನ್ನುವ ಕಾರಣ ರೈತನಿಗೆ ಇದು ಉಪಕಾರಿಯಂತೆ. ಇರಲಿ, ಹೊಲದಲ್ಲೇ ಇರಲಿ. ಮಳೆ ಜೋರಾದ ವರ್ಷ ಇದರ ಹಾವಳಿಯೂ ಜೋರು. 1997-98ರ ಎಲ್ ನಿನೊ ಮಳೆಯ ಕಾಲವನ್ನು ಕೀನ್ಯಾದವರು ಇಂದಿಗೂ ನೆನೆಯುತ್ತಾರೆ.

ಮೈಮೇಲೆ ಕಂಡರೆ ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಿ. ಜಜ್ಜಿದ್ದೇ ಆದರೆ ತಕ್ಷಣ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಕೈಯನ್ನೂ, ತಗುಲಿದ ಬಟ್ಟೆಯನ್ನೂ. ಕಣ್ಣು ಉಜ್ಜಬೇಡಿ. ಕಣ್ಣಿಗೆ ತಗುಲಿದ್ದರೆ ಸ್ವಂತ ಮದ್ದು ಬೇಡ, ವೈದ್ಯರ ಬಳಿ ಹೋಗಿ. ಆಫ್ರಿಕಾಕ್ಕೆ ಹೋಗದವರು ನಿಶ್ಚಿಂತರಾಗಬೇಡಿ: 2022ರ ಜುಲೈನಲ್ಲಿ ಸಿಕ್ಕಿಂನ ಕಾಲೇಜೊಂದರ ನೂರರಷ್ಟು ವಿದ್ಯಾರ್ಥಿಗಳ ಮೈಮೇಲೆ ಇದೇ ಬರೆ ಎದ್ದಿತ್ತು.

ಕಿಟಕಿಗೆ ಜಾಲರಿ ಕೇಳಿದಾಗಲೆಲ್ಲ ಕ್ವಾರ್ಟರ್ಸ್ ನೋಡಿಕೊಳ್ಳುವವರ ಉತ್ತರ, ನಾಳೆ ಫುಂಡಿ ಬರುತ್ತಾನೆ. ಆ ರಿಪೇರಿಯವನು ಬಂದದ್ದು ಮಳೆ ನಿಂತ ಮೇಲೆ, ಜೂನ್‌ನಲ್ಲಿ. ಅಷ್ಟರೊಳಗೆ ದೀಪವನ್ನು ಹಾಸಿಗೆಯಿಂದ ದೂರ ಸರಿಸಿ, ಹೊದಿಕೆ ಕೊಡವಿ, ಸೊಳ್ಳೆಪರದೆಯೊಳಗೆ ನುಸುಳುವುದು ನನಗೆ ರೂಢಿಯಾಗಿತ್ತು. ಅವನು ಕಿಟಕಿಗೆ ಜಾಲರಿ ಹೊಡೆದು ಹೋದ. ಬಾಗಿಲ ಕೆಳಗಿನ ಬೆರಳಗಲದ ಸಂದಿಗೆ ಹಳೆಯ ಪಂಚೆಯೊಂದನ್ನು ಸುತ್ತಿ ತುರುಕಿದ್ದೇನೆ.