ಹೊಗಳುವ ಪಾಠವೋ, ತಿದ್ದುವ ಪಾಠವೋ?

ಧಾರವಾಡದಲ್ಲಿ ಮಗುವನ್ನು ಸಂಗೀತಕ್ಕೆ ಹಾಕಬೇಕೆಂದಿರುವ ಪಾಲಕರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಪಾಠಗಳಿರುತ್ತವೆ. ಒಂದರಲ್ಲಿ ಹಾಡು ಮುಗಿಯುತ್ತಲೇ "ಭಾಳ ಶಾಣ್ಯಾ ಇದ್ದಿ ನೋಡು" ಎಂಬ ಮೆಚ್ಚುಗೆ ಬರುತ್ತದೆ. ಇನ್ನೊಂದರಲ್ಲಿ ಷಡ್ಜವು, ಅಂದರೆ ಮೊದಲ ಸ್ವರವಾದ 'ಸ', ತಂಬೂರಿಯ ಶ್ರುತಿಗೆ ಕೂಡದಿದ್ದರೆ ಗುರುಗಳು ಅಲ್ಲಿಯೇ ನಿಲ್ಲಿಸಿ ಮತ್ತೆ ಹಚ್ಚಿಸುತ್ತಾರೆ.

ಮೊದಲನೆಯದರಲ್ಲಿ ಮಗು ಅಂಜಿಕೆಯಿಲ್ಲದೆ ಬಾಯಿ ಬಿಡುತ್ತದೆ. ಆದರೆ 1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣತನಕ್ಕಾಗಿ ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ, ಶ್ರಮಕ್ಕಾಗಿ ಮೆಚ್ಚುಗೆ ಪಡೆದವರಿಗಿಂತ ಬೇಗ ಹಿಂಜರಿದರು.

ತಿದ್ದುವ ಪಾಠದ ಬೆಲೆ ತಿಳಿಯಲು ಧಾರವಾಡ ಜಿಲ್ಲೆಯ ಕುಂದಗೋಳವನ್ನು ನೆನೆದರೆ ಸಾಕು: ಅಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲರಿಗೆ ಕೆಲವೇ ಸ್ವರಪುಂಜಗಳನ್ನು ಕೊಟ್ಟು, ಅವು ಹದಕ್ಕೆ ಬರುವವರೆಗೂ ಹಾಡಿಸುತ್ತಿದ್ದರು. ತಾಯಿ ಅಂಬಾಬಾಯಿಯವರು ಸ್ವತಃ ಕರ್ನಾಟಕ ಸಂಗೀತದ ಗಾಯಕಿಯಾಗಿದ್ದರೂ, ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಬಾಯಿಮಾತಿನ ಹೊಗಳಿಕೆಗಿಂತ ದೊಡ್ಡ ಪ್ರೋತ್ಸಾಹವೆಂದು ನಾನು ಎಣಿಸುವುದು ಇದನ್ನೇ.

"ನಿನಗೆ ಕಂಠವೇ ಇಲ್ಲ" ಎನ್ನುವುದು ತಿದ್ದುವಿಕೆಯಲ್ಲ. ಅಂಥ ಕಡೆ ಮಗುವನ್ನು ಒಂದು ದಿನವೂ ಕೂರಿಸಬೇಡಿ. ಸೇರಿಸುವ ಮೊದಲು ಒಂದು ಪಾಠಕ್ಕೆ ಹೋಗಿ ಕುಳಿತು, ತಪ್ಪಿದ ಮಗು ಎರಡನೆಯ ಸಲ ಸ್ವರ ಹಚ್ಚುವಾಗ ಗುರುಗಳ ಮುಖಕ್ಕೆ ಅಂಜುತ್ತದೆಯೋ, ತಂಬೂರಿಗೆ ಕಿವಿಗೊಡುತ್ತದೆಯೋ ಗಮನಿಸಿರಿ.