ಎತ್ತು ಹಾಯ್ದ ಗಾಯ ಕಾಗದದಲ್ಲಿ ಚಾಕು ಇರಿತವಾಯಿತು: ಕೇಸ್ ಶೀಟ್ ಓದಿಸಿಕೊಳ್ಳದೆ ಬಿಡಬೇಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮನೆಯಲ್ಲಿ ಎತ್ತು ಕಟ್ಟಿದವರು ದಯವಿಟ್ಟು ಇದನ್ನು ಪೂರ್ತಿ ಓದಿ, ನಿಮ್ಮವರಿಗೂ ಓದಿ ಹೇಳಿ. ಎತ್ತು ಹಾಯ್ದು ಎದೆಗೆ ತೂತು ಬಿದ್ದಿದ್ದ ನಮ್ಮ ಸೋದರಮಾವನನ್ನು ಆಸ್ಪತ್ರೆಯ ಕೇಸ್ ಶೀಟ್, ಅಂದರೆ ಗಾಯ, ಚಿಕಿತ್ಸೆಯ ವಿವರ ಬರೆಯುವ ಕಾಗದ, ಚಾಕು ಇರಿತಕ್ಕೆ ಸಿಕ್ಕವರನ್ನಾಗಿ ಮಾಡಿತು. ಮಾವ ಉಳಿದರು. ಆದರೆ ಆ ಒಂದು ಸಾಲಿನಿಂದ ಇನ್ಶೂರೆನ್ಸ್ ಹಣ ನಿಂತುಹೋಯಿತು, ಊರಿಗೆ ಪೊಲೀಸರು ಬಂದರು, ದಾಯಾದಿಗಳ ಮನೆಗೂ ನಮಗೂ ಮಾತು ಬಿಟ್ಟುಹೋಯಿತು.

ನಡೆದದ್ದು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಲ್ಲಿ, ಕಾರ ಹುಣ್ಣಿಮೆಯ ದಿನ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಂಬಣಸು ತೊಡಿಸಿ ಕರಿ ಹರಿಯಲು ಹೊರಡಿಸಿದ್ದರು. ಹಲಗೆ ಬಾರಿಸಿದ ಸದ್ದಿಗೆ ಎತ್ತು ಬೆದರಿ ತಲೆ ಕೊಡವಿದಾಗ ಕೊಂಬಣಸಿನ ಮೊನೆ ಮಾವನ ಎಡ ಎದೆಗೆ ಹೊಕ್ಕಿತು. ಮೇಲಿಂದ ನೋಡಿದರೆ ಗಾಯ ಎರಡು ಬೆರಳಗಲ ಅಷ್ಟೆ, ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ನೇರ. ಯಾರೋ ಆಗಲೇ ಅರಿಶಿನ ಮೆತ್ತಿದ್ದರು. ರಕ್ತ ಹೆಚ್ಚು ಸುರಿಯುತ್ತಿರಲಿಲ್ಲ, ಆದರೆ ಉಸಿರು ಎಳೆದಾಗಲೆಲ್ಲ ಗಾಯದ ಬಾಯಲ್ಲಿ ರಕ್ತದ ಗುಳ್ಳೆ ಏಳುತ್ತಿತ್ತು. ಇದೇ ಅಪಾಯದ ಗುರುತು. ಮೊನೆ ಎದೆಗೂಡಿನ ಒಳಪೊರೆ ದಾಟಿ ಹೋಗಿದೆ, ಶ್ವಾಸಕೋಶದ ಸುತ್ತ ಗಾಳಿ ತುಂಬುತ್ತಿದೆ ಎಂದರ್ಥ. (ಕೊಂಬಣಸಾಗಲಿ ಬೇರೇನೇ ಆಗಲಿ, ಎದೆಯಲ್ಲಿ ನಾಟಿಕೊಂಡಿದ್ದರೆ ಅಲ್ಲೇ ಕೀಳಬೇಡಿ. ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ.)

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಸರ್ಜನ್ ತಡಮಾಡದೆ ಪಕ್ಕೆಲುಬಿನ ಸಂದಿನಲ್ಲಿ ಟ್ಯೂಬ್ ಹಾಕಿ ಗಾಳಿ, ರಕ್ತ ಎರಡನ್ನೂ ಹೊರಗೆ ತೆಗೆದರು. ಆ ಡಾಕ್ಟರ ಕೈಗುಣಕ್ಕೆ ನಮ್ಮ ಮನೆ ಯಾವತ್ತೂ ಋಣಿ. ನನ್ನ ತಕರಾರು ಚಿಕಿತ್ಸೆಯ ಮೇಲಲ್ಲ, ಕಾಗದದ ಮೇಲೆ.

ಕ್ಯಾಶುವಾಲ್ಟಿಗೆ ಮಾವನನ್ನು ತಂದವನು ನಮ್ಮ ಓಣಿಯ ಟಂಟಂ ಹುಡುಗ. ಎತ್ತು ಹಾಯ್ದದ್ದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. "ಎದೀಗೆ ತೂತು ಬಿದ್ದೈತ್ರಿ, ಲಗೂನ ನೋಡ್ರಿ" ಅಂದನಷ್ಟೆ. ಡ್ಯೂಟಿ ಡಾಕ್ಟರು ಗಾಯದ ಅಂಚು ನೋಡಿ, ಯಾರನ್ನೂ ಕೇಳದೆ, ಹಲ್ಲೆ, ಹರಿತ ಆಯುಧದ ಇರಿತ ಎಂದು ಇಂಗ್ಲಿಷಿನಲ್ಲಿ ಬರೆದರು. ಹಿಂದಿನಿಂದ ಬಂದ ಅತ್ತೆ ಕೈ ನಡುಗುತ್ತಿದ್ದರೂ ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಒಂದು ಸಾಲನ್ನೂ ಅವರಿಗೆ ಯಾರೂ ಓದಿ ಹೇಳಲಿಲ್ಲ.

ನಾನು ಬಳ್ಳಾರಿಯಲ್ಲಿ ಮನೆಯಿಂದಲೇ ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುವವಳು (ಡಾಕ್ಟರು ಬರೆದ ಕಾಯಿಲೆ, ಗಾಯಗಳಿಗೆ ಗೊತ್ತಾದ ಸಂಕೇತ ಹಾಕುವ ಕೆಲಸ), ಹಾಗಾಗಿ ಎಡವಟ್ಟು ಎಲ್ಲಿ ಆಯಿತೆಂದು ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಕೂಡಲೇ ತಿಳಿಯಿತು. ಅಮೆರಿಕದಲ್ಲಿ 2015ರ ಅಕ್ಟೋಬರಿನಿಂದ ಬಳಸುವ ಐಸಿಡಿ-10-ಸಿಎಂ ಎಂಬ ಕೋಡ್ ಪಟ್ಟಿಯಲ್ಲಿ ಎದೆಯ ಮುಂಭಾಗದ ಗಾಯ ಒಳಗೆ ಹೊಕ್ಕಿಲ್ಲದಿದ್ದರೆ ಎಸ್21.1, ಎದೆಗೂಡಿನೊಳಗೆ ಹೊಕ್ಕಿದ್ದರೆ ಎಸ್21.3. ಎಡವೋ ಬಲವೋ, ಸೀಳಿದ್ದೋ ಚುಚ್ಚಿದ್ದೋ, ಒಳಗೆ ಏನಾದರೂ ಉಳಿದಿದೆಯೋ ಎಂಬುದಕ್ಕೂ ಬೇರೆ ಬೇರೆ ಅಂಕಿ ಇವೆ. ನಮ್ಮ ಆಸ್ಪತ್ರೆಗಳು ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಎಸ್21.1 ಎಂದರೆ ಎದೆಯ ಮುಂಭಾಗದ ತೆರೆದ ಗಾಯ ಅಷ್ಟೆ. ಒಳಗಿನ ಪೆಟ್ಟನ್ನು ಬೇರೆ ಕೋಡಿನಲ್ಲೇ ಹೇಳಬೇಕು: ಗಾಳಿ ತುಂಬಿದರೆ ಎಸ್27.0, ರಕ್ತವಾದರೆ ಎಸ್27.1, ಎರಡೂ ಆದರೆ ಎಸ್27.2. ಗಾಯ ಹೇಗಾಯಿತು ಎಂಬುದಕ್ಕೂ ಕೋಡ್ ಇದೆ. ಹರಿತ ಆಯುಧದ ಹಲ್ಲೆ ಎಕ್ಸ್99, ದನ ಹಾಯ್ದದ್ದು ಡಬ್ಲ್ಯೂ55.

ಮಾವನ ಸಮ್ಮರಿಯಲ್ಲಿ ಡಯಾಗ್ನೋಸಿಸ್ ಎಂದು ಇದ್ದದ್ದು 'ಎದೆಯ ಗೋಡೆಯ ಗಾಯ, ಹೊಲಿಗೆ ಹಾಕಲಾಗಿದೆ'. ಟ್ಯೂಬಿನ ಸುದ್ದಿ ನರ್ಸುಗಳ ಹಾಳೆಯಲ್ಲಿ ಮಾತ್ರ. ರೆಕಾರ್ಡ್ ವಿಭಾಗದ ಹುಡುಗಿ ಎಸ್21.1, ಎಕ್ಸ್99 ಹಾಕಿದ್ದಳು, ಅಂದರೆ ಬರಿಯ ಎದೆಗಾಯ, ಅದೂ ಹಲ್ಲೆಯಿಂದ. ಅವಳನ್ನು ನಾನು ದೂರುವುದಿಲ್ಲ. ಡಾಕ್ಟರು ಬರೆಯದ್ದನ್ನು ಊಹಿಸಿ ಕೋಡ್ ಮಾಡುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಇನ್ಶೂರೆನ್ಸಿನವರು ಎರಡು ಪ್ರಶ್ನೆ ಕಳಿಸಿದರು. ಹಲ್ಲೆಯಾದರೆ ಎಫ್‌ಐಆರ್ ಎಲ್ಲಿ? ಮೇಲ್ಮೈ ಗಾಯಕ್ಕೆ ಐಸಿಯು ಯಾಕೆ? ಕಾಗದ ನೋಡಿದವರು ಅದನ್ನೇ ಕೇಳಬೇಕು.

ತಿದ್ದಿಕೊಡಿ ಎಂದು ಕೇಳಿದೆವು. ಕೌಂಟರಿನಲ್ಲಿದ್ದವರು ಮೂಲ ಕೇಸ್ ಶೀಟಿನ ಮೇಲೆ ವೈಟ್ನರ್ ಬಳಿದು, ಒಣಗಲು ಬಾಯಲ್ಲಿ ಊದಿ, ಅದರ ಮೇಲೆ ನೀಲಿ ಪೆನ್ನಿನಲ್ಲಿ 'ಬುಲ್ ಗೋರ್' (ಎತ್ತು ಹಾಯ್ದದ್ದು) ಎಂದು ಬರೆದುಕೊಟ್ಟರು. ಸುತ್ತಲಿನ ಬರಹವೆಲ್ಲ ಕಪ್ಪು ಶಾಯಿ. ಸಹಿ ಇಲ್ಲ, ತಾರೀಕು ಇಲ್ಲ. ಇನ್ಶೂರೆನ್ಸ್ ಕಡೆಯ ತನಿಖಾಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದುಕೊಂಡು ಹೋದರು. ದಾಖಲೆ ತಿದ್ದಿದ್ದಾರೆ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕಾರವಾಯಿತು. ಕೇಸ್ ಶೀಟಿನಲ್ಲಿ ತಪ್ಪಾಗಿದ್ದರೆ ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಡಾಕ್ಟರೇ ಸಹಿ, ತಾರೀಕು, ಸಮಯ ಹಾಕಬೇಕು. ವೈಟ್ನರ್ ಬಾಟಲಿ ಕಂಡರೆ ಅಲ್ಲೇ ಕೈ ಹಿಡಿದು ನಿಲ್ಲಿಸಿ.

ಇದಕ್ಕಿಂತ ಕೆಟ್ಟದ್ದು ಪೊಲೀಸ್ ಕಡೆಯಿಂದ ಬಂತು. ಇರಿತ ಎಂದು ಬರೆದ ಮೇಲೆ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಮಾಡಿ ಠಾಣೆಗೆ ತಿಳಿಸಲೇಬೇಕು, ತಿಳಿಸಿತು. ಗಾಯದ ಸರ್ಟಿಫಿಕೇಟಿನಲ್ಲಿ 'ತೀವ್ರ ಗಾಯ' ಎಂದಿತ್ತು. ಹರಿತ ಆಯುಧದಿಂದ ತೀವ್ರ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಪ್ರಕಾರ ಜೀವಾವಧಿವರೆಗೂ ಶಿಕ್ಷೆ ಇದೆ. ಊರಲ್ಲಿ ವಿಚಾರಿಸಿದಾಗ ಮಾವನಿಗೂ ಅವರ ದೊಡ್ಡಪ್ಪನ ಮಗನಿಗೂ ಹೊಲದ ಬದುವಿನ ತಕರಾರು ಇರುವುದು ಪೊಲೀಸರ ಕಿವಿಗೆ ಬಿತ್ತು. ಆಸ್ಪತ್ರೆಗೆ ರಕ್ತ ಕೊಡಲು ಬಂದವರಲ್ಲಿ ಆ ಮನುಷ್ಯನೂ ಒಬ್ಬ. ಅವನನ್ನೇ ಕರೆದೊಯ್ದು ಸಂಜೆವರೆಗೆ ಠಾಣೆಯ ಬೆಂಚಿನ ಮೇಲೆ ಕೂಡಿಸಿದರು. ಮಾವ ಮಾತಾಡುವಂತಾದ ಮೇಲೆ "ಹಾಯ್ದಿದ್ದು ನನ್ನ ಎತ್ತು ರೀ ಸಾಹೇಬ್ರ, ಅವನ್ದೇನು ತಪ್ಪಿಲ್ಲ" ಎಂದು ಹೇಳಿಕೆ ಕೊಟ್ಟರು, ವಿಷಯ ಅಲ್ಲಿಗೆ ಮುಗಿಯಿತು. ಆದರೆ ನಾವೇ ಅವನ ಹೆಸರು ಬರೆಸಿದೆವು ಎಂದು ಆ ಮನೆಯವರು ಇವತ್ತಿಗೂ ನಂಬಿದ್ದಾರೆ. ಅತ್ತೆ ಹೋಗಿ ಕಾಲಿಗೆ ಬಿದ್ದರೂ ಒಳಗೆ ಕರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ. ಗಾಯಾಳುವಿನ ಜೊತೆ ಕಣ್ಣಾರೆ ಕಂಡವರೊಬ್ಬರು ಹೋಗಲೇಬೇಕು. ಹೇಗಾಯಿತು, ಎಷ್ಟು ಹೊತ್ತಿಗೆ, ಯಾವುದರಿಂದ ಎಂದು ಡಾಕ್ಟರಿಗೆ ಅವರೇ ಹೇಳಲಿ, ಬರೆದದ್ದನ್ನು ಓದಿಸಿಕೊಳ್ಳಲಿ. ಓದಲು ಬಾರದಿದ್ದರೆ ಫೋಟೊ ತೆಗೆದು ಓದಬಲ್ಲವರಿಗೆ ಕಳಿಸಿ. ಡಿಸ್ಚಾರ್ಜ್ ದಿನ ಸಮ್ಮರಿಯಲ್ಲಿ ಎಡ-ಬಲ, ಗಾಯದ ಅಳತೆ, ಒಳಪೊರೆ ದಾಟಿದೆಯೇ ಇಲ್ಲವೇ, ಟ್ಯೂಬ್ ಹಾಕಿದ್ದು, ಎಕ್ಸ್‌ರೇಯಲ್ಲಿ ಕಂಡದ್ದು, ಇಷ್ಟೂ ಇವೆಯೇ ನೋಡಿ. ಇಲ್ಲದಿದ್ದರೆ ಸರ್ಜನ್ ಇರುವಾಗಲೇ ಸೇರಿಸಿಕೊಳ್ಳಿ, ಆಮೇಲೆ ಅವರು ಸಿಗುವುದು ಕಷ್ಟ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ. ಕೌಂಟರಿನಲ್ಲಿ ಅದನ್ನು ಹೇಳಿ ಕೇಳಿ.

ಕ್ಲೇಮ್ ಈಗಾಗಲೇ ತಿರಸ್ಕಾರವಾಗಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಸರ್ಜನ್ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರ, ಟ್ಯೂಬ್ ಹಾಕುವ ಮೊದಲಿನ ಮತ್ತು ನಂತರದ ಎಕ್ಸ್‌ರೇ, ಪೊಲೀಸರಿಗೆ ಮಾವ ಕೊಟ್ಟ ಹೇಳಿಕೆಯ ಪ್ರತಿ, ಇಷ್ಟನ್ನು ಜೋಡಿಸಿ ನಾವೂ ಅಲ್ಲಿಗೆ ದೂರು ಕಳಿಸಿದ್ದೇವೆ.